ಒಂದು ಕಥೆಗೆ ಒಂದೇ ಸುಳ್ಳು

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಕಥೆ ಬರೆಯಿರಿ ಅಂದಿದ್ದೆ. ಬಂದ ಕಥೆಗಳಲ್ಲಿ ಅರ್ಧ ರೋಬೋಟ್, ಉಳಿದರ್ಧ ಏಲಿಯನ್. ಎಲ್ಲರೂ 2050ರ ಅಮೆರಿಕದಲ್ಲೋ ಮಂಗಳ ಗ್ರಹದಲ್ಲೋ ಓಡಾಡುತ್ತಿದ್ದರು. ಶಿರಸಿಯಲ್ಲಿ ಕೂತು ಬರೆದ ಒಂದು ಕಥೆಯಲ್ಲೂ ಮಳೆ ಬರಲಿಲ್ಲ! ನಾಲ್ಕೈದು ಚಾಟ್‌ಜಿಪಿಟಿ ಬರೆದದ್ದು ಅಂತ ಮೊದಲ ಸಾಲಿಗೇ ಗೊತ್ತಾಯಿತು, ಅವುಗಳಲ್ಲಿ ಕಾಗುಣಿತದ ತಪ್ಪೇ ಇರಲಿಲ್ಲ.

ತಪ್ಪು ನನ್ನದೇ. ಸುಮ್ನೆ "ಕಲ್ಪನೆ ಮಾಡಿ" ಅಂದರೆ ಟೀವಿಯಲ್ಲಿ ನೋಡಿದ್ದೇ ಬರುತ್ತದೆ, ಅಲ್ವಾ?

ಮುಂದಿನ ವಾರ ಒಂದು ಷರತ್ತು ಹಾಕಿದೆ. ಒಂದು ಕಥೆಗೆ ಒಂದೇ ಸುಳ್ಳು. ಉಳಿದದ್ದೆಲ್ಲ ನಿಜ ಇರಬೇಕು. ಆ ಸುಳ್ಳು ಈಗ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವ ಯಾವುದಾದರೂ ವಿಷಯಕ್ಕೆ ತಾಗಬೇಕು, ಮತ್ತೆ ಅದು ನಮ್ಮ ಜಿಲ್ಲೆಯೊಳಗೇ ನಡೆಯಬೇಕು. ಅಡಿಕೆಯ ಎಲೆಚುಕ್ಕಿ ರೋಗ ಇದೆ, 2024ರ ಜುಲೈಯಲ್ಲಿ ಶಿರೂರಿನಲ್ಲಿ ಕುಸಿದ ಗುಡ್ಡ ಇದೆ, ಕೈಗಾದ ಅಣು ವಿದ್ಯುತ್ ಸ್ಥಾವರ ಇದೆ. ಕುಮಟಾ ಕಡೆಯಿಂದ ಬಂದು ಹಾಸ್ಟೆಲ್ಲಿನಲ್ಲಿರುವ ಹುಡುಗ ಅಘನಾಶಿನಿ ಹೊಳೆಯಂಚಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಹಿಡಿದುಕೊಂಡ. ಉಪ್ಪುನೀರು ತಡೆಯುವ ಭತ್ತ ಅದು. ಸಮುದ್ರ ಏರಿದ ಮೇಲೆ ಏನಾಗುತ್ತದೆ ಅಂತ ಇನ್ನೂ ಬರೆಯುತ್ತಲೇ ಇದ್ದಾನೆ, ಯಾವಾಗ ಮುಗಿಸುತ್ತಾನೋ.

ನಾನು ಹೇಳಬೇಕೆಂದಿರುವುದು ಸಿದ್ದಾಪುರ ಕಡೆಯ ಹುಡುಗಿಯೊಬ್ಬಳ ಕಥೆ. ವಿಷಯ ಮಂಗನ ಕಾಯಿಲೆ, ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರ. ಅವಳ ಸುಳ್ಳು ಒಂದು ಬಳೆ. ವೈರಸ್ ಇರುವ ಉಣುಗು ಮೈಗೆ ಹತ್ತಿದ ಕೂಡಲೇ ಕೆಂಪಾಗುವ ಬಳೆ. ಮೊದಲ ಸಲ ಬರೆದಾಗ ಅಜ್ಜಿಯ ಬಳೆ ಕೆಂಪಾಗಿ, ಅಜ್ಜಿಯನ್ನು ಮುಟ್ಟಿದ ಅಪ್ಪನಿಗೆ ಜ್ವರ ಬಂದು, ಅಪ್ಪನಿಂದ ಊರಿಗೆಲ್ಲ ಹಬ್ಬಿ, ಕೊನೆಗೆ ವಿಜ್ಞಾನಿಯೊಬ್ಬ ಕಾರಿನಲ್ಲಿ ಬಂದು ಎಲ್ಲರನ್ನೂ ಉಳಿಸುತ್ತಾನೆ.

"ಇದು ಎರಡನೇ ಸುಳ್ಳಾಯ್ತಲ್ಲೇ" ಅಂದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಊರಲ್ಲಿ ದೊಡ್ಡವರಿಗೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಇಬ್ಬರೂ ಕೂತು ಓದಿದೆವು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ವಿಜ್ಞಾನಿಗಳು ಮೊದಲು ಹಳದಿ ಜ್ವರ ಇರಬಹುದೇ ಅಂತ ಅನುಮಾನಪಟ್ಟಿದ್ದರು. ನೋಡಿದರೆ ಅದು ಹೊಸ ವೈರಸ್. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಬೇರೆ ಮೈ ಹುಡುಕುತ್ತವೆ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಇನ್ನೂ ಪೂರ್ತಿ ಬೆಳೆಯದ ಮರಿ ಉಣುಗು, ಕಣ್ಣಿಗೆ ಕಾಣುವುದೇ ಕಷ್ಟ. ಅವು ಹೆಚ್ಚಾಗುವುದು ಮಳೆ ಮುಗಿದು ಕಾಡು ಒಣಗುವ ಕಾಲಕ್ಕೆ. ಅಲ್ಲಿಗೆ ಬಂದಾಗ ಅವಳು ತಲೆ ಎತ್ತಿದಳು. "ಸರ್, ನಾವು ದರಕು ತರೋದೂ ಆಗಲೇ." ದರಕು ಅಂದರೆ ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ತರುವ ಒಣ ಎಲೆ.

ಎರಡನೇ ಸಲ ಬರೆದ ಕಥೆ ಹೀಗಿದೆ. ಬೆಟ್ಟಕ್ಕೆ ಹೋಗಬೇಡ ಅಂದರೆ ಅಜ್ಜಿ, "ಕೂಸೇ, ದರಕು ಇಲ್ದೇ ಕೊಟ್ಟಿಗೆಗೆ ಎಂತ ಹಾಕವು?" ಅಂತ ಹೊರಡುತ್ತಾಳೆ. ಬಳೆ ಕೆಂಪಾಗುತ್ತದೆ. ಅಜ್ಜಿಗೆ ಜ್ವರವೇ ಬರುವುದಿಲ್ಲ, ಆದರೆ ಅಡಿಕೆ ಸುಲಿಯಲು ಬರುವವರು ಮನೆಗೆ ಬರುವುದು ಬಿಡುತ್ತಾರೆ. ಆಶಾ ಕಾರ್ಯಕರ್ತೆ ಬಂದು ಇದು ಮುಟ್ಟಿದರೆ ಅಂಟುವುದಿಲ್ಲ ಅಂತ ಮನೆಮನೆಗೆ ಹೇಳುತ್ತಾಳೆ, ಎಲ್ಲರೂ ಹೌದು ಹೌದು ಅನ್ನುತ್ತಾರೆ, ಮಾರನೇ ದಿನವೂ ಯಾರೂ ಬರುವುದಿಲ್ಲ. ಕೊನೆಗೆ ಊರಿನ ಹೆಂಗಸರೆಲ್ಲ ಬೆಟ್ಟಕ್ಕೆ ಹೋಗುವ ಮೊದಲು ಬಳೆ ಕಳಚಿ ಅಕ್ಕಿ ಡಬ್ಬದಲ್ಲಿ ಇಟ್ಟು ಹೋಗುತ್ತಾರೆ.

ಓದಿ ಮೈ ಜುಮ್ಮೆಂದಿತು ಮಾರಾಯ್ರೆ. ಕಾಯಿಲೆ ಅಂಟುವುದಿಲ್ಲ ಅಂತ ಗೊತ್ತಾದ ಮೇಲೇ ಅವಳಿಗೆ ಆ ಅಕ್ಕಿ ಡಬ್ಬ ಹೊಳೆದದ್ದು. ಮೊದಲಿನ ತಪ್ಪು ಹಾಗೇ ಉಳಿದಿದ್ದರೆ ಕಾರಿನಲ್ಲಿ ಬರುವ ವಿಜ್ಞಾನಿಯೇ ಗತಿ. ಮಕ್ಕಳ ಕಥೆಯಲ್ಲಿ ಮಾಹಿತಿ ತಿದ್ದಿದರೆ ಕಲ್ಪನೆ ಸಾಯುತ್ತದೆ ಅಂತ ವಾದ ಮಾಡುವ ಗೆಳೆಯರು ಇದನ್ನು ಓದಲಿ ಅಂತಲೇ ಇಷ್ಟುದ್ದ ಬರೆದೆ.

ಒಂದು ಸ್ಪರ್ಧೆಗೆ ಕಳಿಸಿದ್ದೆವು. ಬಹುಮಾನ ಬರಲಿಲ್ಲ. "ವಿಜ್ಞಾನದ ಅಂಶ ಕಡಿಮೆ, ನೀತಿ ಸ್ಪಷ್ಟವಿಲ್ಲ" ಅಂತ ಷರಾ ಬಂತು. ಗೆದ್ದದ್ದು ಮಂಗಳ ಗ್ರಹಕ್ಕೆ ಹೋಗಿ ಗಿಡ ನೆಟ್ಟು ಬಂದ ಕಥೆ. ನನಗೆ ಸಿಟ್ಟು ಬಂದದ್ದು ಹೌದು, ಅವಳಿಗೆ ಅಷ್ಟೇನೂ ಬೇಜಾರಾದ ಹಾಗೆ ಕಾಣಲಿಲ್ಲ. ಸ್ಟಾಫ್‌ರೂಮಿಗೆ ಬಂದು ಕೇಳಿದ್ದೇ ಬೇರೆ.

"ಸರ್, ಉಣುಗಲ್ಲಿ ವೈರಸ್ ಇದ್ಯೋ ಇಲ್ವೋ ಅಂತ ಈಗ ಹೇಗೆ ನೋಡ್ತಾರೆ?"

ಲ್ಯಾಬಿನಲ್ಲಿ ಉಣುಗುಗಳನ್ನು ಅರೆದು ಪಿಸಿಆರ್ ಅನ್ನುವ, ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆ ಮಾಡುತ್ತಾರೆ ಅಂದೆ.

ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ಬಳೆ ಒಳಗೊಂದು ಒರಳೂ ಇಡ್ಬೇಕಲ್ಲ ಸರ್. ಅಷ್ಟು ದಪ್ಪದ್ದು ಅಜ್ಜಿ ಹಾಕ್ಕೊಳ್ಳೋದಿಲ್ಲ" ಅಂತ ಕಥೆ ವಾಪಸ್ ಇಸಕೊಂಡು ಹೋದಳು.