ಸ್ಪಷ್ಟನೆ: ಯಹೂದಿಗಳ ಮೊದಲ ಒಲಿಂಪಿಕ್ ಚಿನ್ನ ಮಾರ್ಕ್ ಸ್ಪಿಟ್ಜ್ ಅವರದ್ದಲ್ಲ

ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಯಹೂದಿ ಅಮೆರಿಕದ ಈಜುಗಾರ ಮಾರ್ಕ್ ಸ್ಪಿಟ್ಜ್ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅದು ತಪ್ಪು. 1972ರ ಮ್ಯೂನಿಕ್‌ನಲ್ಲಿ ಅವರು 7 ಚಿನ್ನ ಗೆದ್ದಿದ್ದು ನಿಜ, ಏಳರಲ್ಲೂ ವಿಶ್ವದಾಖಲೆ. ಆದರೆ 1896ರ ಅಥೆನ್ಸ್‌ನಲ್ಲೇ ಯಹೂದಿಗಳು ಚಿನ್ನ ಗೆದ್ದಿದ್ದರು. ಹಂಗೇರಿಯ ಆಲ್ಫ್ರೆಡ್ ಹಾಯೋಶ್‌ಗೆ ಆಗ ಬರೀ 18 ವರ್ಷ. ಈಜುಕೊಳ ಇರಲಿಲ್ಲ, ಕೊರೆಯುವ ಸಮುದ್ರದಲ್ಲೇ ಸ್ಪರ್ಧೆ. ಚಳಿ ತಡೆಯಲು ಮೈಗೆಲ್ಲ ದಪ್ಪಗೆ ಜಿಡ್ಡು ಬಳಿದುಕೊಂಡು ನೀರಿಗಿಳಿದ ಹುಡುಗ ಎರಡು ಚಿನ್ನ ಗೆದ್ದ. ಅದೇ ಕೂಟದಲ್ಲಿ ಜರ್ಮನಿಯ ಜಿಮ್ನಾಸ್ಟ್ ಆಲ್ಫ್ರೆಡ್ ಫ್ಲಾಟೊ ಕೂಡ ಚಿನ್ನ ಗೆದ್ದಿದ್ದರು. ಅವರ ಕಥೆ ನೆನೆದರೆ ಕರುಳು ಚುರುಕ್ ಅನ್ನುತ್ತದೆ. ದೇಶಕ್ಕೆ ಚಿನ್ನ ತಂದವರನ್ನೇ ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ತಳ್ಳಿದರು. 1942ರಲ್ಲಿ ಅಲ್ಲೇ ತೀರಿಕೊಂಡರು. ಇವರ ಹೆಸರನ್ನು ಸುಮ್ನೆ ಅಳಿಸಿಹಾಕುವ ಆ ಮೆಸೇಜನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.