ಎಷ್ಟು ಕೆಜಿ ಸ್ಟೀಲ್ ಅಂತ ಕೇಳಿದರೆ ಉತ್ತರವಿಲ್ಲ

ನಿನ್ನೆ ಸಂಜೆ ಮೈಸೂರಿನಲ್ಲಿ ಒಂದು ಉಪನ್ಯಾಸ ಇತ್ತು. ಎಐ ಬಳಸಿ ಸ್ಟೀಲ್ ಮಾಡ್ಯೂಲ್‌ಗಳಿಂದ, ಅಂದರೆ ಕಾರ್ಖಾನೆಯಲ್ಲೇ ಮಾಡಿ ತರುವ ಕೋಣೆಯಂಥ ಉಕ್ಕಿನ ಪೆಟ್ಟಿಗೆಗಳಿಂದ, ಎತ್ತರದ ಕಟ್ಟಡ ಕಟ್ಟುವ ವಿಷಯ. ಸ್ಟೀಲ್ ಡಿಸೈನೇ ನನ್ನ ಅನ್ನ, ನಿಮಗೆ ಗೊತ್ತೇ ಇದೆ. ಆಸೆಯಿಂದ ಹೋಗಿದ್ದೆ. ಪರದೆ ಮೇಲೆ ಒಂದಾದ ಮೇಲೊಂದು ಗೋಪುರ, ಬಾಲ್ಕನಿ ತುಂಬ ಗಿಡ. ಪರಿಸರಕ್ಕೆ ಒಳ್ಳೆಯದು ಅಂತ ಹತ್ತಾರು ಸಲ ಹೇಳಿದರು. ಕೊನೆಗೆ ಎದ್ದು ಕೇಳಿದೆ: ‘ಸರ್, ಚದರ ಮೀಟರಿಗೆ ಎಷ್ಟು ಕೆಜಿ ಸ್ಟೀಲ್ ಬೀಳುತ್ತದೆ?’ ‘ಅದು ಡೀಟೇಲು, ಆಮೇಲೆ ಮಾತಾಡೋಣ’ ಅಂದರು. ಟೀ ಕುಡಿದು ಹೊರಟೇ ಹೋದರು.

ರಾತ್ರಿ ನಿದ್ದೆ ಬರಲಿಲ್ಲ. ಅದು ಡೀಟೇಲು ಅಲ್ಲ, ಅದೇ ವಿಷಯ.

ಜಗತ್ತಿನ ಸರಾಸರಿ ನೋಡಿದರೆ ಒಂದು ಟನ್ ಉಕ್ಕು ಮಾಡಲು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಸುಮಾರು 2.5 ಟನ್. ಅಂದಮೇಲೆ ಕೆಜಿ ಲೆಕ್ಕ ಹೇಳದೆ ಪರಿಸರದ ಮಾತು ಹೇಗೆ ಆಡುತ್ತೀರಿ?

ಮಾಡ್ಯೂಲ್‌ನಲ್ಲಿ ತೂಕ ಏರುವುದು ಸುಲಭ. ಪ್ರತಿ ಪೆಟ್ಟಿಗೆಗೂ ತನ್ನದೇ ಕಾಲಂ, ತನ್ನದೇ ಬೀಮ್. ಒಂದರ ಮೇಲೊಂದು ಇಟ್ಟಾಗ ಕೆಳಗಿನದರ ಸೂರಿನ ಬೀಮ್, ಮೇಲಿನದರ ನೆಲದ ಬೀಮ್, ಎರಡೂ ಅಲ್ಲೇ. ಪಕ್ಕಪಕ್ಕ ಇಟ್ಟರೆ ಕಾಲಂ ಕೂಡ ಜೋಡಿ. ಕಾರ್ಖಾನೆಯ ಅನುಕೂಲಕ್ಕೆ ಎಲ್ಲ ಪೆಟ್ಟಿಗೆಯನ್ನೂ ಒಂದೇ ಅಳತೆಗೆ ಮಾಡಿದರೆ, ತುದಿಯ ಮಹಡಿಗೂ ಕೆಳಮಹಡಿಯಷ್ಟೇ ದಪ್ಪದ ಕಾಲಂ. ಎಐ ಬೇಕಾಗಿರುವುದು ಇಲ್ಲೇ ಅಲ್ವಾ? ಯಾವ ಮಹಡಿಗೆ ಯಾವ ಸೆಕ್ಷನ್ (ಉಕ್ಕಿನ ಕಂಬ, ತೊಲೆಯ ಆಕಾರ ಮತ್ತು ಅಳತೆ), ಒಟ್ಟು ಎಷ್ಟು ಬಗೆ ಇದ್ದರೆ ಕಾರ್ಖಾನೆಗೂ ಕಷ್ಟವಾಗದೆ ತೂಕವೂ ಇಳಿಯುತ್ತದೆ. ಸಾವಿರಾರು ಜೋಡಣೆ ಹಾಕಿ ನೋಡಬೇಕು. ಮನುಷ್ಯ ಕೂತು ಮಾಡಿದರೆ ಮುಗಿಯದ ಕೆಲಸ. ಅಂಥ ಸಾಧನವನ್ನು ಬರೀ ಚಿತ್ರ ಬರೆಯಲು ಕೂರಿಸಿದ್ದಾರೆ.

ಇನ್ನು ಜಾಯಿಂಟು. ನಾಲ್ಕು ಪೆಟ್ಟಿಗೆ ಸೇರುವ ಮೂಲೆ ನೋಡಿ. ಕೆಳಗೆ ನಾಲ್ಕು, ಮೇಲೆ ನಾಲ್ಕು, ಒಟ್ಟು ಎಂಟು ಕಾಲಂ ತುದಿಗಳು ಒಂದೇ ಕಡೆ. ಕೊನೆಯ ಪೆಟ್ಟಿಗೆ ಕ್ರೇನಿನಿಂದ ಇಳಿದು ಕೂತ ಮೇಲೆ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹೋಗುವುದೇ ಕಷ್ಟ. ಸುಮ್ನೆ ವೆಲ್ಡ್ ಮಾಡಿಬಿಟ್ಟರೆ? ನಾಳೆ ಬಿಚ್ಚಿ ಬೇರೆ ಕಡೆ ಕಟ್ಟುವ ಮಾತು ಅಲ್ಲಿಗೇ ಮುಗಿಯಿತು. ನಿನ್ನೆಯ ಅಷ್ಟೂ ಚಿತ್ರಗಳಲ್ಲಿ ಈ ಮೂಲೆ ಒಂದು ಸಲವೂ ಬರಲಿಲ್ಲ.

‘ಬೇಗ ಆಗುತ್ತದಲ್ಲ’ ಅನ್ನುತ್ತೀರಿ. ಆಗುತ್ತದೆ. ಚೀನಾದ ಚಾಂಗ್ಶಾದಲ್ಲಿ 2015ರಲ್ಲಿ 57 ಮಹಡಿಯನ್ನು ಒಟ್ಟು 19 ಕೆಲಸದ ದಿನಗಳಲ್ಲಿ ಜೋಡಿಸಿ ಮುಗಿಸಿದರು. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಂಥದೇ 32 ಮಹಡಿಯ ಕಟ್ಟಡಕ್ಕೆ 2012ರಿಂದ 2016ರವರೆಗೆ ಹಿಡಿಯಿತು. ಪೆಟ್ಟಿಗೆಗಳು ಸರಿಯಾಗಿ ಕೂರಲಿಲ್ಲ, ನೀರು ಸೋರಿತು, ಜಗಳವಾಯಿತು. ಒಂದೊಂದು ಮಹಡಿಯಲ್ಲಿ ಕೆಲವೇ ಮಿಲಿಮೀಟರ್ ತಪ್ಪಿದರೂ ಮೇಲೆ ಹೋಗುತ್ತಾ ಅದು ಕೂಡುತ್ತಾ ಹೋಗುತ್ತದೆ. ಅದಿರಲಿ, ಬೇಗ ಕಟ್ಟಿದ ಮಾತ್ರಕ್ಕೆ ಒಂದು ಕೆಜಿ ಸ್ಟೀಲೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಕಾಂಕ್ರೀಟೇ ಸಾಕು ಅನ್ನಬೇಡಿ. ಜಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಎಲ್ಲಿಂದ ಬರುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಿಲ್ಲ. ಕೆಆರ್‌ಎಸ್ ಹತ್ತಿರದ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ಗಲಾಟೆ ನೋಡಿದ್ದೀರಿ. ಅಣೆಕಟ್ಟಿನ ಸುರಕ್ಷತೆಗಾಗಿ ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಲ್ಲಿಸಿ ಅಂತ 2024ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಉಕ್ಕಿನ ದಾರಿ ನಮಗೆ ಬೇಕು. ಬೇರೆ ಕಡೆ ಮಾಡಿ ತಂದು ಜೋಡಿಸುವುದು ಮೈಸೂರಿಗೆ ಹೊಸದೂ ಅಲ್ಲ. ಅರಮನೆಯ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು, ಇವತ್ತಿಗೂ ನಿಂತಿವೆ.

ನನಗೆ ಇಷ್ಟು ಸಿಟ್ಟು ಬಂದದ್ದು ಈ ತಂತ್ರಜ್ಞಾನದ ಮೇಲೆ ಪ್ರೀತಿ ಇರುವುದಕ್ಕೇ. ಮುಂದಿನ ವಾರ ಅದೇ ಉಪನ್ಯಾಸ ಮಂಡ್ಯದಲ್ಲಿ ಇದೆಯಂತೆ. ಹೋಗುವವರು ದಯವಿಟ್ಟು ಎದ್ದು ಕೇಳಿ: ಚದರ ಮೀಟರಿಗೆ ಎಷ್ಟು ಕೆಜಿ? ಆ ಮೂಲೆಯ ಡ್ರಾಯಿಂಗ್ ಎಲ್ಲಿ? ಉತ್ತರ ಬಂದರೆ ಇಲ್ಲಿ ಹಾಕಿ, ನಾನೇ ಕೂತು ಲೆಕ್ಕ ಮಾಡುತ್ತೇನೆ.