ಕಾಫಿ ಬಿಟ್ಟರೆ ಬೈಪೋಲಾರ್ ಮಾತ್ರೆ ಬೇಡ ಅನ್ನುವುದು ತಪ್ಪು

"ಬೈಪೋಲಾರ್ ಇದ್ದವರು ಇವತ್ತೇ ಕಾಫಿ ಬಿಡಿ, ಮಾತ್ರೆಯೂ ಬೇಕಾಗಲ್ಲ" ಅನ್ನುವ ವಾಟ್ಸಾಪ್ ಸಂದೇಶ ಮಡಿಕೇರಿ ಕಡೆ ಓಡಾಡುತ್ತಿದೆ. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಹುರುಪೇರುವ, ಕೆಲವು ಕಾಲ ತೀರಾ ಕುಗ್ಗುವ ಕಾಯಿಲೆ. ಸಂಜೆ ಮೇಲೆ ಕಾಫಿ ಕುಡಿದರೆ ನಿದ್ದೆ ಕೆಡಬಹುದು, ನಿದ್ದೆ ಕೆಟ್ಟರೆ ಉನ್ಮಾದ (ಆ ಅತಿ ಹುರುಪಿನ ಸ್ಥಿತಿ) ಶುರುವಾಗಬಹುದು, ಅಷ್ಟು ನಿಜ. ಉಳಿದದ್ದು ತಪ್ಪು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ದಿನಾ ನಾಲ್ಕೈದು ಲೋಟ ಕುಡಿಯುತ್ತಿದ್ದು (ಕೊಡಗಿನಲ್ಲಿ ಇದೇನು ಜಾಸ್ತಿ ಅಲ್ಲ ಬಿಡಿ) ಒಮ್ಮೆಲೇ ನಿಲ್ಲಿಸಿದರೆ, ಕಿಡ್ನಿ ಲಿಥಿಯಂ ಹೊರಹಾಕುವುದು ಕಡಿಮೆಯಾಗಿ ರಕ್ತದಲ್ಲಿ ಅದರ ಮಟ್ಟ ಏರಬಹುದು. ಕೈ ನಡುಕ ಜಾಸ್ತಿಯಾಗಿ ವಾಂತಿ, ತೊದಲು ಮಾತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಫಿ ಕಡಿಮೆ ಮಾಡಬೇಕಾ? ಡಾಕ್ಟರಿಗೆ ಹೇಳಿ, ನಿಧಾನವಾಗಿ ಮಾಡಿ, ರಕ್ತ ಪರೀಕ್ಷೆ ಮಾಡಿಸಿ. ತೋಟದ ಕೆಲಸ ಮುಗಿಸಿ ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೂ ಲಿಥಿಯಂ ಮಟ್ಟ ಏರುವ ಅದೇ ತೊಂದರೆ. ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ಅನುಮಾನ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.